ರಂಜಕ, ತೊಕ್ಕು, ಗುಳಂಬ: ತಕ್ಕಡಿ ಹಿಡಿದು ಮಾಡುವ ಬಗೆ

ಸಂಕ್ರಾಂತಿಯ ಆಸುಪಾಸು ಹುಬ್ಬಳ್ಳಿ-ಧಾರವಾಡದ ಸಂತೆಯಲ್ಲಿ ಹಸಿ ಕೆಂಪು ಮೆಣಸಿನಕಾಯಿಯ ರಾಶಿ ಬೀಳುತ್ತದೆ. ಸಿಗುವುದು ಕೆಲವೇ ವಾರ. ಆಮೇಲಿನ ಕಾಯಿಯೆಲ್ಲ ಹೊಲದಲ್ಲೇ ಒಣಗಿ, ಚೀಲ ಸೇರಿ, ಬ್ಯಾಡಗಿ ಪೇಟೆಯ ದಾರಿ ಹಿಡಿಯುತ್ತದೆ. ವರ್ಷಕ್ಕಾಗುವ ರಂಜಕ, ಅಂದರೆ ಹಸಿ ಕೆಂಪು ಮೆಣಸಿನಕಾಯಿ ರುಬ್ಬಿದ ಖಾರದ ಚಟ್ನಿ, ಹಾಕುವುದಿದ್ದರೆ ಇದೇ ಹೊತ್ತು.

ರಂಜಕದ ಬಗ್ಗೆ ಕೇಳಿಬರುವ ದೂರು ಬಹುತೇಕ ಒಂದೇ: ಅಜ್ಜಿ ಹಾಕಿದ್ದು ವರ್ಷಗಟ್ಟಲೆ ಇರುತ್ತಿತ್ತು, ನಮ್ಮದು ಹೋಳಿ ಹುಣ್ಣಿಮೆಯೊಳಗೇ ಬೂಸು ಹಿಡಿಯಿತು. ಇದಕ್ಕೆ ಕೈಗುಣ ಅಂತ ಹೇಳಿ ಸುಮ್ಮನಾಗುವುದು ಬೇಡ. ಅಜ್ಜಿಯರು ಉಪ್ಪನ್ನು ಬೊಗಸೆಯಲ್ಲಿ ಹಾಕುತ್ತಿದ್ದರು, ನಾವು ಚಮಚದಲ್ಲಿ ಹಾಕುತ್ತೇವೆ. ಉಪ್ಪು ಕಮ್ಮಿ ತಿನ್ನಿ ಅಂತ ಡಾಕ್ಟರು ಹೇಳುವುದು ಸರಿಯೇ. ಆದರೆ ಉಪ್ಪು ಕಮ್ಮಿ ಮಾಡಿದ ರಂಜಕ ಬೇರೆಯೇ ಪದಾರ್ಥ, ಅದರ ಜಾಗ ಫ್ರಿಜ್ಜು. ಭರಣಿಯ ರಂಜಕಕ್ಕೆ ಒಂದು ಅಳತೆ, ಫ್ರಿಜ್ಜಿನ ರಂಜಕಕ್ಕೆ ಇನ್ನೊಂದು ಅಳತೆ. ಫ್ರಿಜ್ಜಿನ ಅಳತೆಯಲ್ಲಿ ಮಾಡಿ ಭರಣಿಯಲ್ಲಿ ಇಟ್ಟಾಗಲೇ ಕೆಡುವುದು.

ಹಾಗಾಗಿ ಅಡುಗೆಮನೆಗೆ ಮೊದಲು ಬರಬೇಕಾದದ್ದು ಒಂದು ಗ್ರಾಂವರೆಗೂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ. ಒಂದು ವಾಟಗ (ಬಟ್ಟಲು) ಹರಳುಪ್ಪು ತೂಗಿ ನೋಡಿ, ಅದೇ ವಾಟಗದಲ್ಲಿ ಪುಡಿ ಉಪ್ಪು ತೂಗಿ ನೋಡಿ. ಹರಳುಗಳ ನಡುವೆ ಗಾಳಿ ಇರುವುದರಿಂದ ಹರಳುಪ್ಪು ಹಗುರ ಬರುತ್ತದೆ. ‘ಒಂದು ವಾಟಗ ಉಪ್ಪು’ ಎಂಬ ಹಳೆಯ ಲೆಕ್ಕ ಯಾವ ಉಪ್ಪಿನದು, ಯಾವ ವಾಟಗದ್ದು ಅಂತ ಗೊತ್ತಿಲ್ಲದೆ ಮಾಡಿದರೆ ತಪ್ಪುವುದು ಅಲ್ಲಿಯೇ. ಕೆಳಗಿನ ಮುಖ್ಯ ಅಳತೆಗಳೆಲ್ಲ ತೂಕದಲ್ಲೇ ಇವೆ.

ರಂಜಕ

ಹಸಿ ಕಾಯಿ ಕೊಳ್ಳುವಾಗ ‘ಬ್ಯಾಡಗಿನ ಐತ್ರಿ’ ಎಂಬ ಮಾತನ್ನಷ್ಟೇ ನಂಬಿ ಚೀಲ ತುಂಬಬೇಡಿ. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಬಗೆ: ಡಬ್ಬಿ ಗಿಡ್ಡ, ತುಸು ಉಬ್ಬಿದ ಕಾಯಿ, ಕಡ್ಡಿ ಉದ್ದ, ತೆಳ್ಳಗಿನ ಕಾಯಿ. ಎರಡರಲ್ಲೂ ಬಣ್ಣ ಜಾಸ್ತಿ, ಖಾರ ಹದ. ರಂಜಕಕ್ಕೆ ಬೇಕಾದದ್ದೂ ಅದೇ. ಖಾರ ಹೆಚ್ಚು ಬೇಕೆನ್ನುವವರು ಐದರಲ್ಲಿ ಒಂದು ಪಾಲು ಬೇರೆ ಖಾರದ ಕೆಂಪು ಕಾಯಿ ಬೆರೆಸಿಕೊಳ್ಳಿ. ಪೂರ್ತಿ ಅದನ್ನೇ ಹಾಕಿದರೆ ಬಾಯಿ ಉರಿಯುತ್ತದೆ, ರೊಟ್ಟಿಗೆ ಹಚ್ಚಿಕೊಳ್ಳುವಷ್ಟು ರುಚಿ ಉಳಿಯುವುದಿಲ್ಲ.

ಕಾಯಿ ಗಟ್ಟಿಯಾಗಿರಬೇಕು, ತೊಟ್ಟು ಹಸಿರಾಗಿರಬೇಕು. ತೊಟ್ಟಿನ ಟೊಪ್ಪಿಗೆಯ ಕೆಳಗೆ ಕಂದು ಉಂಗುರ ಕಂಡ ಕಾಯಿಯನ್ನು ಉದ್ದಕ್ಕೆ ಸೀಳಿ ನೋಡಿ. ಹೊರಗೆ ಕೆಂಪಗೆ ಮಿಂಚುವ ಕಾಯಿಯ ಒಳಗೆ ಬೀಜ ಕಪ್ಪಗಾಗಿ, ಬೀಜದ ಸುತ್ತ ಬೂದು ಬಣ್ಣದ ನವಿರು ಬೂಸು ಕೂತಿರುತ್ತದೆ. ಕೈಗೆ ಮೆತ್ತಗೂ ಹತ್ತುವುದಿಲ್ಲ, ಮೂಗಿಗೆ ಹಿಡಿದರೆ ಮಾತ್ರ ಹಳೇ ಗೋಣಿಚೀಲದ ವಾಸನೆ ಬರುತ್ತದೆ. ಇಂಥ ನಾಲ್ಕು ಕಾಯಿ ಒಳಗೆ ಹೋದರೆ ಸಾಕು, ಇಡೀ ಭರಣಿಗೆ ಆ ವಾಸನೆ ಬರುತ್ತದೆ. ಉಪ್ಪು, ನಿಂಬೆ ಎಷ್ಟು ಹಾಕಿದರೂ ಹೋಗುವುದಿಲ್ಲ.

ಕಾಯಿಯನ್ನು ತೊಟ್ಟು ಸಮೇತ ತೊಳೆಯಿರಿ. ತೊಟ್ಟು ಮುರಿದು ತೊಳೆದರೆ ಆ ತೂತಿನಿಂದ ನೀರು ಒಳಗೆ ಹೋಗಿ ಬೀಜದ ನಡುವೆ ನಿಲ್ಲುತ್ತದೆ, ಎಷ್ಟು ಒರೆಸಿದರೂ ಹೊರಗೆ ಬರುವುದಿಲ್ಲ. ರಂಜಕ ಕೆಡುವುದಕ್ಕೆ ಉಪ್ಪಿನ ನಂತರದ ದೊಡ್ಡ ಕಾರಣ ಇದೇ. ತೊಳೆದದ್ದನ್ನು ಹತ್ತಿ ಅರಿವಿಯ ಮೇಲೆ ಒಂದೊಂದಾಗಿ ಹರವಿ, ಫ್ಯಾನಿನ ಕೆಳಗೆ ರಾತ್ರಿಯಿಡೀ ಬಿಡಿ. ಬಿಸಿಲು ಬೇಕಾಗಿಲ್ಲ. ಹೊರಗಿನ ತೇವ ಆರಬೇಕೇ ಹೊರತು ಕಾಯಿ ಬಾಡಬಾರದು, ಬಾಡಿದರೆ ಸಿಪ್ಪೆ ಚರ್ಮದಂತಾಗಿ ಮಿಕ್ಸರಿನಲ್ಲಿ ನುಣ್ಣಗಾಗುವುದಿಲ್ಲ. ಮಾರನೇ ದಿನ ಒಣ ಅರಿವಿಯಿಂದ ಮತ್ತೊಮ್ಮೆ ಒರೆಸಿ, ಆಮೇಲೆ ತೊಟ್ಟು ತೆಗೆಯಿರಿ.

ತೊಟ್ಟು ತೆಗೆದ ಕಾಯಿ 1 ಕೆಜಿ ಇದ್ದರೆ, ಹರಳುಪ್ಪು 170 ಗ್ರಾಂ, ಬೀಜ-ನಾರು ತೆಗೆದ ಹುಣಸೆಹಣ್ಣು 100 ಗ್ರಾಂ, ಸುಲಿದ ಬೆಳ್ಳುಳ್ಳಿ 100 ಗ್ರಾಂ, ಬೆಲ್ಲ 75 ಗ್ರಾಂ, ಮೆಂತ್ಯ 15 ಗ್ರಾಂ, ಇಂಗು 3 ಗ್ರಾಂ, ನಿಂಬೆ ರಸ 200 ಮಿಲಿ. ನಿಂಬೆ ರಸಕ್ಕೆ ಮಧ್ಯಮ ಗಾತ್ರದ ಎಂಟರಿಂದ ಹತ್ತು ಹಣ್ಣು ಬೇಕು. ಎಲ್ಲ ಸೇರಿ ಸುಮಾರು 1650 ಗ್ರಾಂ ಆಗುತ್ತದೆ, ಅದರಲ್ಲಿ ಉಪ್ಪು ಹತ್ತಕ್ಕೊಂದು ಪಾಲು. ಕೇಳಲು ಜಾಸ್ತಿ ಅನಿಸಬಹುದು. ಆದರೆ ಹಸಿ ಕಾಯಿಯ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುತ್ತದೆ. ಆ ನೀರನ್ನು ಉಪ್ಪು ಹಿಡಿದಿಟ್ಟುಕೊಂಡಾಗ ಬೂಸಿಗೆ ಬೆಳೆಯಲು ನೀರು ದಕ್ಕುವುದಿಲ್ಲ.

ಫ್ರಿಜ್ಜಿನಲ್ಲಿಡುವವರು ಉಪ್ಪನ್ನು 80 ಗ್ರಾಂಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಬೇಡ. ಈ ಅಳತೆಯ ರಂಜಕವನ್ನು ಹೊರಗಿಟ್ಟರೆ ಎರಡು-ಮೂರು ದಿನಕ್ಕೆ ಗುಳ್ಳೆ ಏಳುತ್ತದೆ, ಮುಚ್ಚಳ ತೆಗೆದಾಗ ಬುಸ್ಸೆನ್ನುತ್ತದೆ. ಅದು ಕೆಟ್ಟದ್ದಲ್ಲ, ಹುಳಿ ಬರುತ್ತಿದೆ ಅಷ್ಟೇ. ಆ ರುಚಿ ಬೇಡವೆಂದರೆ ರುಬ್ಬಿದ ದಿನವೇ ಫ್ರಿಜ್ಜಿಗೆ ಹೋಗಲಿ, ಮೂರು ತಿಂಗಳೊಳಗೆ ಮುಗಿಯಲಿ.

ರುಬ್ಬುವುದು ಎರಡು ಸಲ. ಮೊದಲ ದಿನ ಕಾಯಿಯನ್ನು ಕತ್ತರಿಯಿಂದ ಒಂದಿಂಚು ತುಂಡು ಮಾಡಿ, ಉಪ್ಪಿನ ಜೊತೆ ಮಿಕ್ಸರಿಗೆ ಹಾಕಿ ತರಿತರಿಯಾಗಿ ತಿರುವಿ. ನೀರು ಒಂದು ಹನಿಯೂ ಬೇಡ, ಉಪ್ಪೇ ನೀರು ಬಿಡಿಸುತ್ತದೆ. ಜಾರನ್ನು ಅರ್ಧಕ್ಕಿಂತ ಕಮ್ಮಿ ತುಂಬಿ, ನಾಲ್ಕೈದು ಸೆಕೆಂಡಿಗೊಮ್ಮೆ ನಿಲ್ಲಿಸಿ ಸೌಟಿನಿಂದ ಕೆದಕಿ. ಹುಣಸೆಹಣ್ಣನ್ನು ಎಳೆ ಬಿಡಿಸಿ ಕೈಯಿಂದ ಕಲಸಿ, ಗಾಜಿನ ಬಾಟ್ಲಿ ಇಲ್ಲವೇ ಭರಣಿಯ ಮುಕ್ಕಾಲು ಭಾಗ ತುಂಬಿ ಮೂರು ದಿನ ಬಿಡಿ. ದಿನಕ್ಕೆರಡು ಸಲ ಒಣ ಸೌಟಿನಿಂದ ತಳದಿಂದ ಮೇಲಕ್ಕೆ ತಿರುವಬೇಕು. ಮೇಲೆ ತೇಲುವ ಸಿಪ್ಪೆಗೆ ಉಪ್ಪುನೀರು ತಾಗದೆ ಬಿಟ್ಟರೆ ಬಿಳಿ ಪೊರೆ ಕಟ್ಟುವುದು ಅಲ್ಲೇ.

ನಾಲ್ಕನೇ ದಿನ ಹುಣಸೆ ಪೂರ್ತಿ ನೆನೆದು ಕರಗಿದಂತಿರುತ್ತದೆ. ಮೆಂತ್ಯವನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಆರಿಸಿ, ಬೇರೆಯೇ ಪುಡಿ ಮಾಡಿಕೊಳ್ಳಿ. ಇಡೀ ಕಾಳು ಹಾಕಿದರೆ ಹಸಿ ಕಾಯಿಯ ನಡುವೆ ಅದು ಮಿಕ್ಸರಿಗೆ ಸಿಗದೆ ಜಾರಿ, ಆಮೇಲೆ ಹಲ್ಲಿಗೆ ಸಿಗುತ್ತದೆ. ಕಪ್ಪಾಗುವಷ್ಟು ಹುರಿದರೆ ರಂಜಕವೆಲ್ಲ ಕಹಿ. ಬೆಳ್ಳುಳ್ಳಿ, ಬೆಲ್ಲ, ಮೆಂತ್ಯದ ಪುಡಿ, ಇಂಗು ಹಾಕಿ ಎರಡನೇ ಸಲ ರುಬ್ಬಿ. ಜಾರು ಕೈಗೆ ಬಿಸಿ ಹತ್ತಿದರೆ ಹತ್ತು ನಿಮಿಷ ಬಿಡಿ. ಒರಳಿನಲ್ಲಿ ಕುಟ್ಟುವಾಗ ಏಳದ ಬಿಸಿ ಮಿಕ್ಸರಿನಲ್ಲಿ ಏಳುತ್ತದೆ, ಆ ಬಿಸಿಗೆ ಬೆಳ್ಳುಳ್ಳಿಯ ವಾಸನೆ ಕೆಡುತ್ತದೆ. ನಿಂಬೆ ರಸವನ್ನು ಸೋಸಿ, ರುಬ್ಬಿದ ಮೇಲೆ ಕೈಯಿಂದ ಕಲಸಿ. ಮಿಕ್ಸರಿಗೆ ನಿಂಬೆ ಬೀಜ ಒಂದು ಹೋದರೂ ಕಹಿ ಬರುತ್ತದೆ.

ಹುಳಿ ಇಲ್ಲಿ ರುಚಿಗೆ ಮಾತ್ರ ಇರುವುದಲ್ಲ. ಬೆಳ್ಳುಳ್ಳಿಯಂಥ ಮಣ್ಣಿನೊಳಗಿನ ಪದಾರ್ಥವನ್ನು ಹುಳಿಯಿಲ್ಲದೆ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ, ಗಾಳಿಯಿಲ್ಲದ ಜಾಗದಲ್ಲಿ ಬೆಳೆದು ವಿಷ ಬಿಡುವ ಬಾಟುಲಿನಮ್ ಎಂಬ ಸೂಕ್ಷ್ಮಜೀವಿಗೆ ಅವಕಾಶ ಸಿಗುತ್ತದೆ. ಅದರಿಂದ ವಾಸನೆ, ಬಣ್ಣ ಬದಲಾಗಲೇಬೇಕೆಂದಿಲ್ಲ. ಹುಳಿಯ ಅಳತೆಯಾದ ಪಿಎಚ್ (ಹುಳಿ ಹೆಚ್ಚಾದಷ್ಟೂ ಇದು ಇಳಿಯುತ್ತದೆ) 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಇಲ್ಲಿನ ಹುಣಸೆ, ನಿಂಬೆ ಅಳತೆ ಅದಕ್ಕಿಂತ ಸಾಕಷ್ಟು ಕೆಳಗೆ ಒಯ್ಯುತ್ತದೆ. ‘ಹುಳಿ ಕಮ್ಮಿ, ಎಣ್ಣೆ ಜಾಸ್ತಿ’ ಅಂತ ಬದಲಾಯಿಸಿಕೊಂಡವರು ಮಾತ್ರ ಫ್ರಿಜ್ಜಿನಲ್ಲೇ ಇಟ್ಟು ವಾರದೊಳಗೆ ಮುಗಿಸಬೇಕು. ಒಗ್ಗರಣೆಯನ್ನು ಬಾಟ್ಲಿಗೆ ಹಾಕದೆ, ತಿನ್ನುವಾಗ ವಾಟಗಕ್ಕೆ ತೆಗೆದುಕೊಂಡು ಅದರ ಮೇಲೆ ಸುರಿಯುವುದೇ ಚಂದ. ಸಾಸಿವೆಯ ಘಮವೂ ಆಗ ಹೊಸದಾಗಿರುತ್ತದೆ.

ಮೇಲೆ ತೆಳ್ಳಗೆ, ಚಪ್ಪಟೆಯಾಗಿ, ಸುಕ್ಕುಸುಕ್ಕಾಗಿ ಬಿಳಿ ಪೊರೆ ಕಂಡರೆ ಅದನ್ನು ಕೆಳಗಿನ ಒಂದು ಬೆರಳು ರಂಜಕದ ಸಮೇತ ತೆಗೆದುಹಾಕಿ. ಉಳಿದದ್ದಕ್ಕೆ ಕೆಜಿಗೆ 20 ಗ್ರಾಂ ಉಪ್ಪು, ಎರಡು ಹಣ್ಣಿನ ರಸ ಸೇರಿಸಿ ಫ್ರಿಜ್ಜಿಗೆ ಒಯ್ಯಿರಿ. ಹತ್ತಿಯಂತೆ ಎದ್ದು ನಿಂತ, ಹಸಿರು ಇಲ್ಲವೇ ಕಪ್ಪು ಬೂಸು ಬಂದಿದ್ದರೆ ಬಾಟ್ಲಿಯನ್ನೇ ಚೆಲ್ಲಬೇಕು. ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವ ಆಸೆ ಬೇಡ, ಅದರ ಬೇರು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತದೆ.

ಪಾತ್ರೆಗಳ ವಿಷಯದಲ್ಲಿ ಕೆಲವು ಮಾತು. ಮಿಕ್ಸರ್ ಜಾರನ್ನು ಹಿಂದಿನ ದಿನವೇ ತೊಳೆದು, ಖಾಲಿ ಜಾರನ್ನೇ ಒಂದೆರಡು ಸೆಕೆಂಡು ತಿರುಗಿಸಿ, ಬೋರಲು ಹಾಕಿ. ಬ್ಲೇಡಿನ ಬುಡದಲ್ಲಿ ನಿಂತ ನೀರು ಆಗ ಹೊರಗೆ ಬರುತ್ತದೆ. ಮುಚ್ಚಳದ ರಬ್ಬರ್ ಬಳೆ ತೆಗೆದು ಅದರ ಕೆಳಗೂ ಒರೆಸಿ. ಗಾಜಿನ ಬಾಟ್ಲಿಯನ್ನು ಹತ್ತು ನಿಮಿಷ ಕುದಿಯುವ ನೀರಿನಲ್ಲಿಟ್ಟು ತೆಗೆದು, ಪೂರ್ತಿ ಆರಿದ ಮೇಲೆ ತುಂಬಿ. ಕೆಂಡದ ಮೇಲೆ ಇಂಗು ಹಾಕಿ ಭರಣಿಗೆ ಹೊಗೆ ಕೊಡುವ ಪದ್ಧತಿ ಪರಿಮಳಕ್ಕೆ ತುಂಬಾ ಒಳ್ಳೆಯದು, ಬಿಡಬೇಡಿ. ಆದರೆ ಬಿಸಿನೀರಿನ ಕೆಲಸ ಅದರಿಂದ ಆಗುವುದಿಲ್ಲ. ಒಳಗಿನ ಮೆರುಗು ಬಿರುಕು ಬಿಟ್ಟ ಹಳೇ ಭರಣಿ ನೋಡಲಿಕ್ಕೆ ಮಾತ್ರ ಇರಲಿ. ತಗಡಿನ ಮುಚ್ಚಳ ಉಪ್ಪು-ಹುಳಿಗೆ ತುಕ್ಕು ಹಿಡಿದು ಒಳಗೆ ಉದುರುತ್ತದೆ, ಗಾಜು ಇಲ್ಲವೇ ಪ್ಲಾಸ್ಟಿಕ್ ಮುಚ್ಚಳವೇ ಸರಿ. ಕಪಾಟಿನ ಕತ್ತಲಲ್ಲಿ ಇಡಿ, ಕಿಟಕಿಯ ಬೆಳಕಿಗೆ ಬ್ಯಾಡಗಿಯ ಕೆಂಪು ಕೆಲವೇ ವಾರದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಕೈ ಉರಿದರೆ ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸಾಬೂನು. ಖಾರದ ಅಂಶ ನೀರಿಗೆ ಕರಗುವುದಿಲ್ಲ, ಬರೀ ನೀರಿನಲ್ಲಿ ತೊಳೆದರೆ ಇನ್ನಷ್ಟು ಹರಡುತ್ತದೆ. ಮಿಕ್ಸರ್ ನಿಲ್ಲಿಸಿದ ಕೂಡಲೇ ಮುಚ್ಚಳ ತೆಗೆದು ಮುಖ ಬಗ್ಗಿಸಬೇಡಿ, ಒಂದು ನಿಮಿಷ ಬಿಡಿ.

ಹುಣಸಿಕಾಯಿ ತೊಕ್ಕು

ಹಸಿ ಹುಣಸಿಕಾಯಿ ಜಜ್ಜಿ ಮಾಡುವ ಈ ತೊಕ್ಕು ರಂಜಕಕ್ಕಿಂತ ಮುಂಚಿನದು, ದೀಪಾವಳಿ ಕಳೆದು ಕಾರ್ತಿಕ-ಮಾರ್ಗಶಿರದಲ್ಲಿ. ಕಾಯಿಯ ವಯಸ್ಸಿನಲ್ಲೇ ಎಲ್ಲ ಇದೆ. ಮುರಿದಾಗ ಒಳಗೆ ಹಸಿರುಮಿಶ್ರಿತ ಬಿಳಿ ಇರಬೇಕು, ಬೀಜಕ್ಕೆ ಉಗುರು ಇಳಿಯಬೇಕು. ಬೀಜ ಗಟ್ಟಿಯಾಗಿದ್ದರೆ ಕಾಯಿ ಬಲಿತಿದೆ, ಒಗರು ಮತ್ತು ನಾರು ಎರಡೂ ಜಾಸ್ತಿ.

1 ಕೆಜಿ ಕಾಯಿಗೆ 200 ಗ್ರಾಂ ಹರಳುಪ್ಪು, 10 ಗ್ರಾಂ ಅರಿಶಿನ, 15 ಗ್ರಾಂ ಹುರಿದ ಮೆಂತ್ಯದ ಪುಡಿ, 5 ಗ್ರಾಂ ಇಂಗು. ಖಾರ ಬೇಕಾದವರು 100 ಗ್ರಾಂ ಹಸಿಮೆಣಸಿನಕಾಯಿ ಸೇರಿಸಿ. ಇಲ್ಲಿ ಮಿಕ್ಸರ್ ಮೊದಲ ದಿನವೇ ಕೈಕೊಡುತ್ತದೆ. ಕಾಯಿಯ ಬೆನ್ನಿಗಿರುವ ಉದ್ದ ನಾರು ಬ್ಲೇಡಿನ ಬುಡಕ್ಕೆ ಸುತ್ತಿಕೊಂಡು ಮೋಟರ್ ಗುಂಯ್ ಅನ್ನುತ್ತದೆ, ಸುಟ್ಟ ವಾಸನೆ ಬರುತ್ತದೆ. ಕಾಯಿಯನ್ನು ಒಂದಿಂಚಿಗೆ ಮುರಿದು, ಕಲ್ಲಿನ ಕುಟ್ಟಾಣಿಯಲ್ಲಿ ಉಪ್ಪು, ಅರಿಶಿನದ ಜೊತೆ ಸ್ವಲ್ಪಸ್ವಲ್ಪವೇ ಜಜ್ಜಿ. ಮೂರು ದಿನ ಬಾಟ್ಲಿಯಲ್ಲಿಡಿ. ಉಪ್ಪಿಗೆ ತಿರುಳು ಮೆತ್ತಗಾಗಿ ನಾರು ತಾನಾಗಿಯೇ ಬಿಟ್ಟುಕೊಳ್ಳುತ್ತದೆ, ಬೆರಳಿನಿಂದ ಎಳೆದರೆ ಇಡೀ ಎಳೆ ಸಲೀಸಾಗಿ ಬರುತ್ತದೆ. ನಾರು, ಬೀಜ ತೆಗೆದ ಮೇಲೆ ಮೆಂತ್ಯ, ಇಂಗು ಸೇರಿಸಿ ಮಿಕ್ಸರಿಗೆ ಹಾಕಬಹುದು. ಹಸಿರು ಹೋಗಿ ಕಂದಾದರೆ ಗಾಬರಿ ಬೇಡ, ಗಾಳಿ ತಾಗಿದ ತೊಕ್ಕಿನ ಬಣ್ಣವೇ ಅದು. ಹಳೆಯದಾದಷ್ಟೂ ಕಪ್ಪಾಗುತ್ತದೆ, ರುಚಿಯೂ ಏರುತ್ತದೆ.

ಒಂದು ಎಚ್ಚರಿಕೆ. ನಮ್ಮ ಕಡೆ ಎಷ್ಟೋ ಮನೆಗಳ ಅಡುಗೆಕಟ್ಟೆ ಕಡಪಾ ಕಲ್ಲಿನದು, ನೆಲ ಶಹಾಬಾದ ಕಲ್ಲಿನದು. ಎರಡೂ ಸುಣ್ಣದ ಕಲ್ಲು. ಹುಣಸಿಕಾಯಿ ರಸ ಚೆಲ್ಲಿ ಅರ್ಧ ತಾಸು ಬಿಟ್ಟರೆ ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆ. ಅದು ಕಲ್ಲನ್ನೇ ತಿಂದ ಗುರುತು, ತೊಳೆದರೆ ಹೋಗುವುದಿಲ್ಲ. ಕುಟ್ಟಾಣಿಯ ಕೆಳಗೆ ದೊಡ್ಡ ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ. ಅಲ್ಯೂಮಿನಿಯಂ ಪಾತ್ರೆ ಹತ್ತಿರಕ್ಕೂ ಬೇಡ.

ಗುಳಂಬ

ಏಪ್ರಿಲ್‌ನ ಅಡ್ಡಮಳೆ ಗಾಳಿಗೆ ಧಾರವಾಡದ ಸುತ್ತಿನ ತೋಟಗಳಲ್ಲಿ ಆಪೂಸಿನ ಕಾಯಿ ಉದುರುತ್ತದೆ. ಬಿದ್ದ ಕಾಯಿ ಉಪ್ಪಿನಕಾಯಿಗೆ ಆಗುವುದಿಲ್ಲ, ಪೆಟ್ಟು ಬಿದ್ದಲ್ಲಿ ಕೊಳೆಯುತ್ತದೆ. ಮಾವಿನಕಾಯಿ ತುರಿ, ಬೆಲ್ಲ ಸೇರಿಸಿ ಕುದಿಸುವ ಸಿಹಿ ಗುಳಂಬಕ್ಕೆ ಆಗುತ್ತದೆ, ಯಾಕೆಂದರೆ ಸಿಪ್ಪೆ ತೆಗೆದು, ಕಂದಿದ ಭಾಗ ಕೆತ್ತಿ, ತುರಿದು ಬೇಯಿಸುತ್ತೇವೆ. ತೋತಾಪುರಿಯಲ್ಲಿ ಹುಳಿ ಕಮ್ಮಿ, ಅದನ್ನು ಹಾಕಿದರೆ ಕೆಜಿಗೆ ಒಂದು ನಿಂಬೆಹಣ್ಣಿನ ರಸ ಸೇರಿಸಿ. ಹುಳಿ ಇದ್ದರೆ ಬೆಲ್ಲದ ಸಕ್ಕರೆ ಒಡೆದು, ತಣ್ಣಗಾದ ಮೇಲೆ ಹರಳುಗಟ್ಟುವುದಿಲ್ಲ.

ತುರಿ 1 ಕೆಜಿ, ಬೆಲ್ಲ 1 ಕೆಜಿ, ಯಾಲಕ್ಕಿ ಹತ್ತು, ಲವಂಗ ಆರು, ಚಿಟಿಕೆ ಉಪ್ಪು. ಬೆಲ್ಲವನ್ನು ಕಾಲು ವಾಟಗ ನೀರಿನಲ್ಲಿ ಕರಗಿಸಿ ಸೋಸಿಯೇ ಹಾಕಬೇಕು, ಕಸ, ಮರಳು ಇದ್ದೇ ಇರುತ್ತದೆ. ಬಹಳ ಬೆಳ್ಳಗಿರುವ ಬೆಲ್ಲ ಬೇಡ. ಗುಳಂಬದ ಬಣ್ಣ, ವಾಸನೆ ಕಂದು ಬೆಲ್ಲದಿಂದಲೇ. ಮೊದಲು ತುರಿಯನ್ನು ಮುಚ್ಚಿ ಸಣ್ಣ ಉರಿಯಲ್ಲಿ ಅದರ ನೀರಿನಲ್ಲೇ ಹತ್ತು ನಿಮಿಷ ಬೇಯಿಸಿ. ಬೇಯುವ ಮುಂಚೆ ಬೆಲ್ಲ ಹಾಕಿದರೆ ಸಿಹಿ ಪಾಕ ತುರಿಯೊಳಗಿನ ನೀರನ್ನು ಎಳೆದುಕೊಂಡು ಎಳೆಗಳು ಗಟ್ಟಿಯಾಗಿಯೇ ಉಳಿಯುತ್ತವೆ, ಆಮೇಲೆ ಒಂದು ತಾಸು ಕುದಿಸಿದರೂ ಮೆತ್ತಗಾಗುವುದಿಲ್ಲ. ತಳ ದಪ್ಪಗಿರುವ ಸ್ಟೀಲ್ ಬೋಗಾಣಿ, ಇಲ್ಲವೇ ಕಲಾಯಿ ಹೊಸದಾಗಿ ಹಾಕಿದ ಹಿತ್ತಾಳೆಯದು.

ಪಾಕದ ಹದ ಎಲ್ಲರನ್ನೂ ಕಾಡುತ್ತದೆ. ಒಂದೆಳೆ ಪಾಕ ಅಂತ ಬೆರಳಿಗೆ ಹಚ್ಚಿ ನೋಡುವುದು ಬಲ್ಲವರಿಗೆ ಸಾಕು. ಬಾರದವರು ತಕ್ಕಡಿಯನ್ನೇ ಕೇಳಬಹುದು. ಖಾಲಿ ಬೋಗಾಣಿಯನ್ನು ಮೊದಲೇ ತೂಗಿ ಬರೆದಿಡಿ. ಒಳಗಿನ ಪದಾರ್ಥ ಇಳಿದು 1.5 ಕೆಜಿಗೆ ಬಂದಾಗ ಗುಳಂಬ ಆಯಿತು. ಆಗ ಮೂರರಲ್ಲಿ ಎರಡು ಪಾಲು ಸಿಹಿ, ಉಳಿದದ್ದು ನೀರು ಎಂಬ ಲೆಕ್ಕಕ್ಕೆ ಬಂದಿರುತ್ತದೆ, ಹೊರಗೆ ಕೆಡದೆ ಇರುತ್ತದೆ. ಥರ್ಮಾಮೀಟರ್ ಇಟ್ಟುಕೊಂಡವರು ಪುಸ್ತಕದ 105 ಡಿಗ್ರಿಯವರೆಗೆ ಕಾಯಬೇಡಿ. ಅದು ಸಮುದ್ರಮಟ್ಟದ ಲೆಕ್ಕ. ಹುಬ್ಬಳ್ಳಿ-ಧಾರವಾಡ ಸುಮಾರು 650ರಿಂದ 750 ಮೀಟರ್ ಎತ್ತರದಲ್ಲಿವೆ, ಇಲ್ಲಿ ನೀರು 98 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಮೊದಲು ಬರೀ ನೀರು ಕುದಿಸಿ ಎಷ್ಟು ತೋರಿಸುತ್ತದೆ ನೋಡಿ, ಅದಕ್ಕೆ ಐದು ಡಿಗ್ರಿ ಸೇರಿಸಿ ಅಲ್ಲಿ ಇಳಿಸಿ. 105 ಮುಟ್ಟಿಸಿದ ಗುಳಂಬ ಮಾರನೇ ದಿನ ಚಮಚ ಇಳಿಯದಷ್ಟು ಬಿಗಿಯಾಗಿರುತ್ತದೆ. ಹಾಗಾದರೆ ಬಾಟ್ಲಿಯನ್ನು ಬಿಸಿನೀರಿನಲ್ಲಿಟ್ಟು ಸಡಿಲಿಸಿ, ಕೆಜಿಗೆ ಎರಡು ಚಮಚ ಬಿಸಿನೀರು ಸೇರಿಸಿ ಒಂದು ಕುದಿ ಕೊಟ್ಟರೆ ಸರಿಹೋಗುತ್ತದೆ. ನೀರಾಗಿಯೇ ಉಳಿದಿದ್ದರೆ ಮತ್ತೆ ಒಲೆಗೆ ಹಾಕಿ ತೂಕಕ್ಕೆ ಇಳಿಸಿ.

ಬಿಸಿ ಇದ್ದಾಗಲೇ ಬಿಸಿ ಬಾಟ್ಲಿಗೆ ತುಂಬಿ, ಸ್ವಲ್ಪ ಹೊತ್ತು ಅರಿವಿ ಮುಚ್ಚಿ ಆಮೇಲೆ ಬಿಗಿ ಮಾಡಿ. ಬಿಸಿಯಲ್ಲೇ ಮುಚ್ಚಳ ಬಿಗಿದರೆ ಆವಿ ಹನಿಯಾಗಿ ಮೇಲೆ ಬೀಳುತ್ತದೆ, ಆ ಹನಿ ಬಿದ್ದ ಜಾಗದಲ್ಲೇ ಬೂಸು ಹುಟ್ಟುತ್ತದೆ.

ಹಿಂಡಿಗಳ (ಚಟ್ನಿಪುಡಿಗಳ) ವಿಷಯ ಚಿಕ್ಕದು. ಶೇಂಗಾ ಹಿಂಡಿಗೆ ಹುರಿದ ಶೇಂಗಾ ಒಂದು ತಾಸಾದರೂ ಆರಲಿ. ಬಿಸಿ ಇದ್ದಾಗ ಮಿಕ್ಸರಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಅಗಸಿ ಹಿಂಡಿ ಬೇಗ ಜಿಡ್ಡುವಾಸನೆ ಬರುವಂಥದ್ದು, ಪುಡಿಯನ್ನು ಹದಿನೈದು ದಿನಕ್ಕಾಗುವಷ್ಟೇ ಮಾಡಿ, ಕಾಳನ್ನು ಹಾಗೆಯೇ ಇಟ್ಟುಕೊಳ್ಳಿ. ಗುರೆಳ್ಳಿನದು (ಹುಚ್ಚೆಳ್ಳಿನದು) ಒಂದು ತಿಂಗಳು ತಡೆಯುತ್ತದೆ.

ಮೃಗಶಿರ ಮಳೆ ಹಿಡಿಯುವ ಮುಂಚೆ, ಒಂದು ಒಣ ಬಿಸಿಲಿನ ದಿನ, ದೊಡ್ಡ ಬಾಟ್ಲಿಗಳನ್ನೆಲ್ಲ ತೆಗೆದು ಪಾವ್ ಕೆಜಿಯ ಚಿಕ್ಕ ಬಾಟ್ಲಿಗಳಿಗೆ ಹಂಚಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ದೊಡ್ಡ ಬಾಟ್ಲಿಯ ಮುಚ್ಚಳ ದಿನಾ ತೆಗೆದರೆ ಗಾಳಿಯ ತೇವವನ್ನು ಉಪ್ಪು, ಬೆಲ್ಲ ಎರಡೂ ಎಳೆದುಕೊಳ್ಳುತ್ತವೆ, ಮೇಲಿನ ಪದರ ನೀರಾಗುತ್ತದೆ. ಊಟಕ್ಕೆ ಒಂದು ಬಾಟ್ಲಿ ಹೊರಗಿರಲಿ, ಉಳಿದವು ದಸರೆಯವರೆಗೆ ಮುಚ್ಚಿಯೇ ಇರಲಿ.